ಎಂಟನೇ ಕ್ಲಾಸಿನ ಜೂನ್‌ನಲ್ಲೇ ಶುರು: ಗಣಿತ ಒಲಿಂಪಿಯಾಡ್ ತಯಾರಿಯಲ್ಲಿ ನನ್ನ ಅನುಭವ

2025ರ ಸಪ್ಟೆಂಬರ್‌ನಲ್ಲಿ ಐಓಕ್ಯುಎಂ (ಗಣಿತ ಒಲಿಂಪಿಯಾಡಿನ ಮೊದಲ ಸುತ್ತಿನ ಪರೀಕ್ಷೆ) ಬರೆದ ನಮ್ಮ ಹುಡುಗಿಯೊಬ್ಬಳು ಎರಡನೇ ಸುತ್ತಾದ ಆರ್‌ಎಂಓಗೆ ಆಯ್ಕೆಯಾದಳು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಇನ್ನೂ ಒಳಗಿರುವ ಕನ್ನಡ ಮಾಧ್ಯಮದ ಹೈಸ್ಕೂಲು. ಮೂರು ವರ್ಷ ಸ್ಟಾಫ್ ರೂಮಿನಲ್ಲಿ ಒಂದೇ ಮಾತು ಕೇಳಿದ್ದೇನೆ: "ಎಂತ ಮಾಷ್ಟ್ರೇ, ನಿಮಗೆ ಬೇರೆ ಕೆಲಸ ಇಲ್ವಾ? ನಮ್ಮ ಮಕ್ಕಳಿಗೆ ಎ ಪ್ಲಸ್ ಬಂದರೆ ಸಾಕು." ಈಗ ಅದೇ ಜನ ತಮ್ಮ ಮಕ್ಕಳನ್ನೂ ಭಾನುವಾರ ಕಳಿಸಲಾ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

2022ರಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಹತ್ತನೇ ಕ್ಲಾಸಿನ ಐದು ಜಾಣ ಮಕ್ಕಳನ್ನು ಆರಿಸಿದೆ. ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಮೂರು ತಿಂಗಳು ತಿಕ್ಕಿದೆ. ಆ ವರ್ಷ ಪರೀಕ್ಷೆ ಅಕ್ಟೋಬರ್ ಕೊನೆಗೆ ಇತ್ತು. ಐವರಲ್ಲಿ ಜಾಸ್ತಿ ತೆಗೆದವನಿಗೆ ಬರೀ 7 ಅಂಕ ಬಂತು. ಶಾಲೆಯಲ್ಲಿ ಅವನಿಗೆ ಗಣಿತದಲ್ಲಿ ಎ ಪ್ಲಸ್ ತಪ್ಪಿದ್ದೇ ಇಲ್ಲ. "ನಾನು ಇಷ್ಟು ದಡ್ಡನಾ ಮಾಷ್ಟ್ರೇ?" ಅಂತ ಕೇಳಿದ. ಉತ್ತರ ಕೊಡಲು ಆಗಲಿಲ್ಲ. ಇನ್ನೊಬ್ಬಳು ಉತ್ತರ 7 ಬಂದಲ್ಲೆಲ್ಲ ಓಎಂಆರ್ ಹಾಳೆಯಲ್ಲಿ ಒಂದೇ ಗುಂಡಿ ತುಂಬಿಸಿ ಬಂದಿದ್ದಳು. 07 ಅಂತ ಎರಡೂ ತುಂಬಿಸಬೇಕು ಅಲ್ವಾ? ಅದನ್ನು ಹೇಳಿಕೊಡಲು ನನಗೇ ಮರೆತಿತ್ತು.

ಆಮೇಲೆ ದುಡ್ಡು ಕಳೆದುಕೊಂಡೆ. ಒಂದು ಆನ್‌ಲೈನ್ ಕೋಚಿಂಗಿಗೆ ಸುಮಾರು 14,000 ಕಟ್ಟಿ, ಮನೆಯ ಟಿವಿಯಲ್ಲಿ ಎಲ್ಲರಿಗೂ ತೋರಿಸಿದೆ. ಪಾಠದ ಮಾಷ್ಟ್ರು ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ರೈಲಿನ ವೇಗ. ಮಕ್ಕಳು ಉತ್ತರ ಬರೆದುಕೊಂಡರು, ಯೋಚನೆ ಮಾಡಲಿಲ್ಲ. ಮೂರನೇ ವಾರಕ್ಕೆ ಬಂದವರು ಇಬ್ಬರು, ಅವರೂ ಹೆಂಡತಿ ಮಾಡುವ ಅವಲಕ್ಕಿಗಾಗಿ ಅಂತ ನನ್ನ ಅನುಮಾನ.

2023ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಬಂದೆ. ಅಂಕ ನೋಡಿ ಆರಿಸಲಿಲ್ಲ. ಬೋರ್ಡಿನಲ್ಲಿ 3524 ಬರೆದೆ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದ್ದನ್ನು ಕಳೆಯಿರಿ ಅಂದೆ. 5432ರಿಂದ 2345 ಕಳೆದರೆ 3087. ಮತ್ತೆ ಹಾಗೇ ಮಾಡಿದರೆ 8352. ಇನ್ನೊಮ್ಮೆ ಮಾಡಿದರೆ 6174, ಅಲ್ಲಿಗೆ ನಿಂತಿತು. ನಾಲ್ಕೂ ಅಂಕಿ ಒಂದೇ ಅಲ್ಲದ ಯಾವ ನಾಲ್ಕಂಕಿ ಸಂಖ್ಯೆಗೂ ಏಳು ಹೆಜ್ಜೆಯೊಳಗೆ ಇದೇ ಗತಿ. ಇದನ್ನು ಕಂಡುಹಿಡಿದ ಕಾಪ್ರೇಕರ್ ನಾಸಿಕದ ಹತ್ತಿರ ದೇವಳಾಲಿಯಲ್ಲಿ ನಮ್ಮ ಹಾಗೆ ಶಾಲಾ ಮಾಷ್ಟ್ರಾಗಿದ್ದವರು. ಮನೆಕೆಲಸ ಏನೂ ಕೊಡಲಿಲ್ಲ. ಮರುದಿನ ಯಾರು ತಾವಾಗಿ ಪುಟ ತುಂಬಿಸಿ ತಂದರೋ ಅವರನ್ನು ಹಿಡಿದೆ. ಏಳು ಜನ. ಅದರಲ್ಲಿ ಇಬ್ಬರು ಗಣಿತದಲ್ಲಿ ಬಿ ಗ್ರೇಡಿನವರು. ಈಗ ಆಯ್ಕೆಯಾದವಳು ಅವರಲ್ಲಿ ಒಬ್ಬಳು. ಎರಡಂಕಿಗೂ ಇದೇ ಆಟ ಆಡಿ, "ಇದು ನಿಲ್ಲುವುದೇ ಇಲ್ಲ ಮಾಷ್ಟ್ರೇ, ಸುತ್ತುತ್ತಾ ಇರ್ತದೆ" ಅಂತ ತೋರಿಸಿದ್ದಳು: 9 (ಅಂದರೆ 09), 81, 63, 27, 45, ಮತ್ತೆ 9. ನಾನು ಅದನ್ನು ನೋಡಿಯೇ ಇರಲಿಲ್ಲ.

ಕ್ರಮ ಸುಲಭ. ದಿನಕ್ಕೆ ಒಂದು ಲೆಕ್ಕ, ಬೋರ್ಡಿನ ಮೂಲೆಯಲ್ಲಿ, ಕನ್ನಡದಲ್ಲಿ. ಎರಡು ದಿನ ಉತ್ತರ ಹೇಳುವುದಿಲ್ಲ. ಆಗದೆ ಇದ್ದ ಲೆಕ್ಕ "ಸೋತ ಪುಸ್ತಕ"ಕ್ಕೆ ಹೋಗುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಒಂದು ಸಾಲು ಬರೆಯಬೇಕು, ತಿಂಗಳ ಕೊನೆಗೆ ಅದನ್ನೇ ಮತ್ತೆ ಮಾಡಬೇಕು. ಮೊದಲ ವರ್ಷ ಪೂರ್ತಿ ಭಾಗಾಕಾರ, ಶೇಷ, ಎಣಿಕೆ. ಐಓಕ್ಯುಎಂ ಉತ್ತರ ಎಲ್ಲಾ 00ರಿಂದ 99ರೊಳಗೆ, ಹಾಗಾಗಿ ಕೊನೆಯ ಎರಡಂಕಿಯ ಆಟ ಗೊತ್ತಿದ್ದವರಿಗೆ ಲಾಭ. 7ರ ನಾಲ್ಕನೇ ಘಾತ 2401 ಅಂತ ಒಮ್ಮೆ ಕಂಡರೆ, 2025ನೇ ಘಾತದ ಕೊನೆಗೆ 07 ಅಂತ ಬಾಯಲ್ಲೇ ಹೇಳುತ್ತಾರೆ. ರೇಖಾಗಣಿತ ಕೊನೆಗೆ ಇಟ್ಟೆ. ವೃತ್ತ, ಸ್ಪರ್ಶಕ ಎಲ್ಲ ಹೇಗೂ ನಮ್ಮ ಹತ್ತನೇ ಪಠ್ಯದಲ್ಲಿ ಬರುತ್ತದೆ.

ಪಾರಿವಾಳದ ಗೂಡಿನ ತತ್ವ ಮಾತ್ರ ಯಾರ ತಲೆಗೂ ಹೋಗಲಿಲ್ಲ. ಒಂದು ಭಾನುವಾರ ನಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಸುಮ್ನೆ ಎರಡು ಮೀಟರ್ ಚೌಕ ಎಳೆದು, ಐದು ಅಡಿಕೆ ಕೊಟ್ಟು, ಯಾವ ಎರಡಕ್ಕೂ ಕನಿಷ್ಠ ಒಂದೂವರೆ ಮೀಟರ್ ಅಂತರ ಬರುವ ಹಾಗೆ ಇಡಿ ಅಂದೆ. ಅರ್ಧ ಗಂಟೆ ಜಗಳ ಆಯಿತು. ಕೊನೆಗೆ ಒಬ್ಬ ಚೌಕವನ್ನು ನಾಲ್ಕು ಮಾಡಿದ. ಐದು ಅಡಿಕೆ, ನಾಲ್ಕು ಕೋಣೆ, ಎರಡು ಒಂದೇ ಕೋಣೆಗೆ ಬರಲೇಬೇಕು. ಕೋಣೆಯ ಕರ್ಣವೇ 1.41 ಮೀಟರ್. ಆ ದಿನದಿಂದ ಇದರ ಹೆಸರು "ಅಡಿಕೆ ಲೆಕ್ಕ".

ಪ್ರಶ್ನೆಪತ್ರಿಕೆಯ ಇಂಗ್ಲಿಷನ್ನು ಒಂಬತ್ತನೇ ಕ್ಲಾಸಿನಲ್ಲಿ ತಂದೆ. ನೂರಿಪ್ಪತ್ತರ ಆಸುಪಾಸು ಶಬ್ದ ಸಾಕು: ಡಿಸ್ಟಿಂಕ್ಟ್, ಕಾನ್ಸಿಕ್ಯುಟಿವ್, ರಿಮೈಂಡರ್. ತೊಂದರೆ ಕೊಟ್ಟದ್ದು ದೊಡ್ಡ ಶಬ್ದ ಅಲ್ಲ, "ಅಟ್ ಮೋಸ್ಟ್", "ಅಟ್ ಲೀಸ್ಟ್". 2024ರಲ್ಲಿ ಅನುಭವಕ್ಕೆ ಅಂತ ಐಓಕ್ಯುಎಂ ಬರೆಸಿದೆ. ಏಳರಲ್ಲಿ ಮೂವರು ಆಗಲೇ ಬಿಟ್ಟಿದ್ದರು. ಉಳಿದವರಿಗೆ ಹದಿನೈದರೊಳಗೆ ಬಂತು, ಸ್ಟಾಫ್ ರೂಮಿಗೆ ಮತ್ತೆ ನಗಲು ಕಾರಣ ಸಿಕ್ಕಿತು.

2025ರಲ್ಲಿ ಇನ್ನೊಂದು ತಲೆಬಿಸಿ, ಓಣಂ. ಆಗಸ್ಟ್ ಕೊನೆಯವರೆಗೆ ಶಾಲೆಯ ಓಣಂ ಪರೀಕ್ಷೆ, ಸಪ್ಟೆಂಬರ್ 5ಕ್ಕೆ ತಿರುವೋಣಂ, 7ಕ್ಕೆ ಐಓಕ್ಯುಎಂ. ಹಾಗಾಗಿ ಹೊಸ ಪಾಠ ಎಲ್ಲ ಜುಲೈಗೇ ಮುಗಿಸಿದ್ದೆ. ಆಗಸ್ಟಿನಲ್ಲಿ ಸೋತ ಪುಸ್ತಕ ಮಾತ್ರ. ಕೇರಳದಲ್ಲಿ ಕಲಿಸುವವರು ಇದೊಂದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೇಂದ್ರ ಕಣ್ಣೂರು. ಕಾಸರಗೋಡಿನಿಂದ ಬೆಳಗ್ಗಿನ ಪರಶುರಾಮ ರೈಲು ಹಿಡಿದೆವು. ರಜೆಯ ಜನ, ನಿಲ್ಲಲು ಜಾಗ ಇಲ್ಲ.

ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ 30ರಲ್ಲಿ ಒಂದನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ್ದಕ್ಕೆ ಯಾವ ಸಂಖ್ಯೆ ಹಾಕಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ಸದ್ಯಕ್ಕೆ ನಮ್ಮ ಮಕ್ಕಳಿಗೇ ಇರಲಿ. ಆಯ್ಕೆಯಾದ ಹುಡುಗಿಗೆ ಹದಿಮೂರೋ ಹದಿನಾಲ್ಕೋ ಸರಿಯಾಗಿತ್ತು.

ಎರಡೂಕಾಲು ವರ್ಷಕ್ಕೆ ಜೆರಾಕ್ಸ್, ಫೀಸು, ರೈಲು, ಅವಲಕ್ಕಿ ಎಲ್ಲ ಸೇರಿ 9,000 ಆಗಿರಬಹುದು. ಆ ಆನ್‌ಲೈನ್ ಕೋಚಿಂಗಿಗಿಂತ ಕಡಿಮೆ.

ಆರ್‌ಎಂಓ ಮಾತ್ರ ಬೇರೆಯೇ. ಮೂರು ಗಂಟೆ, ಆರು ಲೆಕ್ಕ, ಉತ್ತರ ಸಾಲದು, ಸಾಧನೆ, ಅಂದರೆ ಅದು ಯಾಕೆ ಸರಿ ಅನ್ನುವುದನ್ನೂ ಬರೆಯಬೇಕು. ಒಂದು ಪೂರ್ತಿ, ಒಂದು ಅರ್ಧ ಬರೆದು ಬಂದಳು. ಮುಂದಿನ ರಾಷ್ಟ್ರಮಟ್ಟದ ಸುತ್ತಾದ ಐಎನ್‌ಎಂಓಗೆ ಹೋಗಲಿಲ್ಲ. ತಪ್ಪು ನನ್ನದು, ಎರಡು ವರ್ಷ ಉತ್ತರ ಮಾತ್ರ ಕೇಳಿದ್ದೆ, "ಯಾಕೆ" ಅಂತ ಬರೆಸಿರಲಿಲ್ಲ. ಈಗ ಅವಳಿಗೆ ಎಸ್ಸೆಸ್ಸೆಲ್ಸಿ. ಪ್ಲಸ್ ವನ್‌ನಲ್ಲಿ ಮತ್ತೆ ಬರೆಯುತ್ತಾಳಂತೆ. ಅಷ್ಟರೊಳಗೆ ಎಂಟ್ರೆನ್ಸ್ ಕೋಚಿಂಗಿನವರು ಅಪ್ಪನನ್ನು ಹಿಡಿಯದಿದ್ದರೆ. ಈ ಜೂನ್‌ಗೆ 6174ರ ಕೆಳಗೆ ಎರಡು ಸಾಲು "ಯಾಕೆ" ಬರೆಸುವುದರಿಂದಲೇ ಶುರು ಮಾಡುತ್ತೇನೆ.