ಮೊಳೆ ಬೇಡದ ಬೆಂಚು: ಬೆಣೆ ಯಾವ ದಿಕ್ಕಿಗೆ?

ಗುಬ್ಬಿ ಕಡೆಯ ತೋಟದ ಬದುವಿನಲ್ಲಿ ಒಂದಾದರೂ ಹಲಸಿನ ಮರ ಇದ್ದೇ ಇರುತ್ತದೆ. ನಮ್ಮದು ಮುಂಗಾರಿನ ಮೊದಲ ಗಾಳಿಗೆ ಬುಡಸಮೇತ ಮಲಗಿತು. ಸೌದೆಗೆ ಕೇಳಿಕೊಂಡು ಬಂದವರಿಗೆ ಕೊಡದೆ ಸಾಮಿಲ್ಲಿಗೆ ಸಾಗಿಸಿ ಹಲಗೆ ಕೊಯ್ಸಿದೆ. ಆ ಹಲಗೆಯ ಬೆಂಚು ಈಗ ಜಗಲಿಯಲ್ಲಿದೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಂಟೂ ಇಲ್ಲ. ಮೂವರು ಕೂತು ಹರಟಿದರೂ ಕಿರ್ ಎನ್ನುವುದಿಲ್ಲ.

ಹಲಸಿನ ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ಉಳಿಯ ಮಾತನ್ನೂ ಕೇಳುತ್ತದೆ. ಬೇವು, ಹೊನ್ನೆಯೂ ಆದೀತು. ನೀಲಗಿರಿ ಬೇಡ, ಒಣಗುವಾಗ ತಿರುಚಿಕೊಳ್ಳುತ್ತದೆ. ಮಾವು ಅಗ್ಗ, ಆದರೆ ಹುಳು ಬೀಳುತ್ತದೆ. ನಿಂತ ಮರ ಕಡಿಸುವುದಾದರೆ, ಅದು ಸ್ವಂತ ಜಮೀನಿನದೇ ಆಗಿದ್ದರೂ, ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಾಗುವ ಮರಗಳು ಬಹಳ.

ಹಸಿ ಹಲಗೆಗೆ ಕೈ ಹಾಕಬೇಡಿ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೇ ಲೆಕ್ಕ. ಹಲಗೆಗಳ ನಡುವೆ ರೀಪರ್ ಪಟ್ಟಿ ಇಟ್ಟು, ತುದಿಗಳಿಗೆ ಬಣ್ಣ ಬಳಿದು, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿಡಿ. ತುದಿಯಿಂದಲೇ ತೇವ ಬೇಗ ಹೋಗುವುದು, ಬಿರುಕು ಬಿಡುವುದೂ ಅಲ್ಲಿಂದಲೇ. ನಮ್ಮವು ಎರಡು ವರ್ಷ ಕೊಟ್ಟಿಗೆಯ ಅಟ್ಟದಲ್ಲಿದ್ದವು.

ಅಳತೆ ಹೀಗಿದೆ. ಕೂರುವ ಹಲಗೆ 4 ಅಡಿ ಉದ್ದ, 11 ಇಂಚು ಅಗಲ, 2 ಇಂಚು ದಪ್ಪ. ಕಾಲಿಗೆ 10 ಇಂಚು ಅಗಲ, 1.5 ಇಂಚು ದಪ್ಪದ ಎರಡು ಹಲಗೆ, ಮರದ ನಾರಿನ ಎಳೆ ಮೇಲಿಂದ ಕೆಳಕ್ಕೆ ಹೋಗುವಂತೆ, ಉದ್ದ 17.25 ಇಂಚು. ಅದರಲ್ಲಿ ಮೇಲಿನ 2.25 ಇಂಚು ನಾಲಿಗೆಗೆ, ಅಂದರೆ ಇನ್ನೊಂದು ಹಲಗೆಯ ತೂತಿನೊಳಗೆ ತೂರುವ ಚಾಚಿಗೆ. ಕಾಲುಗಳ ನಡುವಿನ ಅಡ್ಡಪಟ್ಟಿ 39 ಇಂಚು ಉದ್ದ, 4 ಇಂಚು ಅಗಲ, 1.5 ಇಂಚು ದಪ್ಪ. ಬೇಕಾದ ಸಲಕರಣೆ: ಗರಗಸ, ತೋಪಡ, ಮೂಲೆಮಟ್ಟ, ಬೈರಿಗೆ, ಅರ್ಧ ಇಂಚಿನದೊಂದು ಒಂದಿಂಚಿನದೊಂದು ಉಳಿ, ಕೊಡತಿ. ಸಾಣೆಕಲ್ಲು ಕೈಗೆ ಸಿಗುವಲ್ಲೇ ಇರಲಿ. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಮೊದಲು ತೋಪಡ ಹೊಡೆದು ಎಲ್ಲ ಮುಖ ಸಮ ಮಾಡಿ. ಆಮೇಲೆ ಕಾಲಿನ ಮೇಲ್ತುದಿಯಲ್ಲಿ ಎರಡು ನಾಲಿಗೆ ಗುರುತು ಹಾಕಿ: ಒಂದೊಂದು 2 ಇಂಚು ಅಗಲ, ಅಂಚಿನಿಂದ 1.5 ಇಂಚು ಬಿಟ್ಟು, ನಡುವೆ 3 ಇಂಚು ಜಾಗ. ಪೆನ್ಸಿಲ್ ಸಾಲದು, ಚಾಕುವಿನ ಮೊನೆಯಲ್ಲೇ ಗೀರಿ. ಗರಗಸ ಗೀರಿನ ಹೊರಮೈಯಲ್ಲಿ, ಅಂದರೆ ಬಿಸಾಡುವ ಚೂರಿನ ಕಡೆ ಓಡಬೇಕು. ನಾಲಿಗೆಯ ಬುಡದ ಮಟ್ಟ ಚಾಚೂ ತಪ್ಪಬಾರದು, ಬೆಂಚಿನ ಭಾರವೆಲ್ಲ ಕೂರುವುದು ಅದರ ಮೇಲೆ.

ಕಂಡಿಗೆ, ಅಂದರೆ ನಾಲಿಗೆ ತೂರುವ ತೂತಿಗೆ, ಅಳತೆಪಟ್ಟಿ ಹಿಡಿಯಬೇಡಿ. ಕೂರುವ ಹಲಗೆಯ ತುದಿಯಿಂದ 8 ಇಂಚು ಬಿಟ್ಟು, ಕಾಲನ್ನು ತಲೆಕೆಳಗಾಗಿ ಹಲಗೆಯ ಅಡಿಮುಖದ ಮೇಲೆ ನಿಲ್ಲಿಸಿ, ನಾಲಿಗೆಯ ಸುತ್ತಲೇ ಗೀರಿ. ನಾಲ್ಕು ನಾಲಿಗೆಗೂ ನಾಲ್ಕು ಕಂಡಿಗೂ ಜೋಡಿ ನಂಬರು ಬರೆದಿಡಿ. ಕೈಯಲ್ಲಿ ಕುಯ್ದದ್ದು ಯಾವತ್ತೂ ಒಂದರಂತೆ ಇನ್ನೊಂದು ಇರುವುದಿಲ್ಲ. ಗೀರನ್ನು ಮೂಲೆಮಟ್ಟದಿಂದ ಮೇಲ್ಮುಖಕ್ಕೂ ದಾಟಿಸಿ. ಬೈರಿಗೆಯಿಂದ ಮೂರ್ನಾಲ್ಕು ತೂತು ಕೊರೆದು, ಉಳಿದದ್ದನ್ನು ಎರಡೂ ಕಡೆಯಿಂದ ಅರ್ಧರ್ಧ ಕೆತ್ತಿ. ಒಂದೇ ಕಡೆಯಿಂದ ಹೊಡೆದರೆ ಇನ್ನೊಂದು ಕಡೆ ಚಕ್ಕೆ ಎದ್ದು ಬರುತ್ತದೆ.

ಇನ್ನು ಬೆಣೆ. ಕೊಡಲಿ ಕಾವಿಗೆ ಬೆಣೆ ಹೊಡೆದವರಿಗೆ ತತ್ವ ಹೊಸದಲ್ಲ: ನಾಲಿಗೆಯನ್ನು ಸೀಳಿ, ಅದರೊಳಗೆ ಬೆಣೆ ಇಳಿಸಿದರೆ ಅದು ಅಗಲಗೊಂಡು ಕಚ್ಚಿಕೊಳ್ಳುತ್ತದೆ. ನಾನು ಎಡವಿದ್ದು ದಿಕ್ಕಿನಲ್ಲಿ. ನೋಡಲು ಚೆಂದ ಎಂದು ಬೆಣೆಯನ್ನು ಹಲಗೆಯ ಉದ್ದಕ್ಕೆ ಕೂರಿಸಿದೆ. ಮೂರನೇ ಏಟಿಗೆ ಟಪ್ ಅಂತ ಸದ್ದು. ಕಂಡಿಯಿಂದ ತುದಿಯವರೆಗೆ ಎಂಟಿಂಚು ಬಿರುಕು. ಪಕ್ಕದ ಬೀದಿಯ ಆಚಾರ್ರು ಬಂದು ನೋಡಿ, "ಏನ್ ಸ್ವಾಮಿ, ಸೌದೆ ಸೀಳ್ದಂಗೆ ಸೀಳಿದ್ದೀರಲ್ಲ. ಎಳೆ ನೋಡ್ಬಾರ್ದಾ?" ಎಂದರು. ಎರಡು ವರ್ಷ ಒಣಗಿದ ಹಲಗೆ!

ಮರ ಎಳೆಯ ಉದ್ದಕ್ಕೆ ಎಷ್ಟು ಒತ್ತಿದರೂ ತಡೆಯುತ್ತದೆ, ಅಡ್ಡಕ್ಕೆ ಒತ್ತಿದರೆ ಸೀಳುತ್ತದೆ. ಆದ್ದರಿಂದ ಬೆಣೆಯ ಗೆರೆ ಬೆಂಚಿನ ಉದ್ದಕ್ಕೆ ಅಡ್ಡಲಾಗಿ, ಕೂತವರ ಮುಂದಿನಿಂದ ಹಿಂದಕ್ಕೆ ಇರಬೇಕು. ಆಗ ನಾಲಿಗೆ ಹಲಗೆಯ ಉದ್ದದ ದಿಕ್ಕಿಗೆ ಬಿರಿಯುತ್ತದೆ. ಅದಕ್ಕೆ ಜಾಗ ಬೇಕಲ್ಲ, ಕಂಡಿಯ ಮೇಲ್ಬಾಯನ್ನು ಆ ಎರಡು ಕಡೆ ಅರ್ಧರ್ಧ ನೂಲಿನಷ್ಟು ಓರೆಯಾಗಿ ಸವರಿ. ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ನಾಲಿಗೆಯ ನಡುವೆ 1.5 ಇಂಚು ಆಳಕ್ಕೆ ಗರಗಸ ಎಳೆಯಿರಿ. ಆ ಸೀಳಿನ ಬುಡ ಬರುವಲ್ಲಿ ಒಂದು ನೂಲಿನ ತೂತು ಮೊದಲೇ ಕೊರೆದಿದ್ದರೆ ಸೀಳು ಕಾಲಿಗೆ ಇಳಿಯುವುದಿಲ್ಲ. ಬೆಣೆಗೆ ಹುಣಸೆ ಚೇಗು ಅಥವಾ ಕರಿಜಾಲಿ ಆಗಬೇಕು.

ಅಡ್ಡಪಟ್ಟಿಯ ಎರಡು ತುದಿಯಲ್ಲೂ 5 ಇಂಚು ಉದ್ದ, 3 ಇಂಚು ಎತ್ತರದ ನಾಲಿಗೆ ಕುಯ್ಯಿರಿ. ಅದು ಕಾಲಿನ ಕಂಡಿ ದಾಟಿ 3.5 ಇಂಚು ಹೊರಕ್ಕೆ ಚಾಚುತ್ತದೆ. ಆ ಚಾಚಿಗೆ ಮೇಲಿಂದ ಕೆಳಕ್ಕೆ ಅರ್ಧ ಇಂಚು ಅಗಲ, ಒಂದು ಇಂಚು ಉದ್ದದ ತೂತು ತೆಗೆದು ಓರೆ ಬೆಣೆ ಇಳಿಸಬೇಕು. ತೂತಿನ ಒಳಗೋಡೆ ಕಾಲಿನ ಹೊರಮೈಗಿಂತ ಒಂದು ನೂಲು ಒಳಗೇ ಇರಲಿ. ಸರಿಸಮ ಇಟ್ಟರೆ ಬೆಣೆ ತೂತಿನ ಗೋಡೆಗೆ ತಾಗಿ ನಿಲ್ಲುತ್ತದೆ, ಕಾಲನ್ನು ಎಳೆಯುವುದೇ ಇಲ್ಲ.

ಜೋಡಿಸುವಾಗ ಮೊದಲು ಕಾಲುಗಳಿಗೆ ಅಡ್ಡಪಟ್ಟಿ ತೂರಿಸಿ, ಮೇಲೆ ಹಲಗೆ ಕೂರಿಸಿ. ನಾಲ್ಕು ಬೆಣೆಗಳನ್ನೂ ಸರದಿಯಲ್ಲಿ ಎರಡೆರಡು ಏಟು ಹೊಡೆಯುತ್ತ ಹೋಗಿ. ಟಕ್ ಟಕ್ ಎನ್ನುವ ಸದ್ದು ದಪ್ಪಗಾದಾಗ ನಿಲ್ಲಿಸಿ. ಕೊನೆಗೆ ಅಡ್ಡಪಟ್ಟಿಯ ಬೆಣೆ. ಮೇಲೆ ಎದ್ದು ನಿಂತ ಚೂರು ಕುಯ್ದು ತೋಪಡ ಹೊಡೆಯಿರಿ.

ಎಣ್ಣೆಗೆ ತಿಪಟೂರಿನ ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆಯಲ್ಲ ಎಂದುಕೊಳ್ಳಬೇಡಿ. ಅದು ಒಣಗುವುದಿಲ್ಲ, ಧೂಳು ಹಿಡಿದು ಅಂಟಂಟಾಗುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಎರಡು ಮೂರು ಸಲ ಸವರಿ, ಒಂದೊಂದಕ್ಕೂ ನಡುವೆ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುವುದುಂಟು; ಬಿಡಿಸಿ ಬಯಲಲ್ಲಿ ಹರವಿ.

ಮೊದಲ ಬೇಸಿಗೆಗೆ ಅಡ್ಡಪಟ್ಟಿಯ ಬೆಣೆ ಸ್ವಲ್ಪ ಸಡಿಲಬಹುದು. ಏಪ್ರಿಲ್‌ನಲ್ಲಿ ಒಮ್ಮೆ ಕೈಯಾಡಿಸಿ ನೋಡಿ, ಕೊಡತಿಯಿಂದ ಒಂದು ಏಟು ಕೊಟ್ಟರಾಯಿತು.