ಸಿಲಬಸ್ ಬಿಟ್ಟು ಅಸೈನ್‌ಮೆಂಟ್ ನೋಡಿ ಯುಐ ಕೋರ್ಸ್ ಆರಿಸಿದ ನನ್ನ ಅನುಭವ

ಹಾಸನದಲ್ಲೇ ಕೂತು ಯುಐ ಡಿಸೈನು (ಆಪ್, ವೆಬ್‌ಸೈಟಿನ ಸ್ಕ್ರೀನ್ ರೂಪಿಸೋದು), ಫ್ರಂಟ್‌ಎಂಡ್ (ಆ ಸ್ಕ್ರೀನಿಗೆ ಕೋಡ್ ಬರೆಯೋದು) ಎರಡೂ ಕಲೀತೀನಿ ಅಂದಾಗ ನಮ್ಮನೇಲಿ ಒಬ್ರೂ ನಂಬಲಿಲ್ಲ. "ಸರ್ಟಿಫಿಕೇಟ್ ಇಲ್ದೆ ಯಾರಪ್ಪ ಕೆಲಸ ಕೊಡ್ತಾರೆ" ಅಂತ ಮಾವ ಎಷ್ಟು ಸಲ ಅಂದ್ರೋ ಲೆಕ್ಕ ಇಲ್ಲ. ಈಗ ಎರಡು ವರ್ಷದಿಂದ ಇದೇ ಕೆಲಸದಲ್ಲಿ ಸಂಬಳ ಬರ್ತಿದೆ, ಮನೆಯಿಂದಲೇ ಮಾಡ್ತಿದೀನಿ. ಹಾಗಾಗಿ ಧೈರ್ಯವಾಗಿ ಬರೀತಿದೀನಿ.

ಮೊದಲು ದುಡ್ಡು ಕಳ್ಕೊಂಡ ಕಥೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿಗೆ 48 ಸಾವಿರ ಕಟ್ಟಿದೆ, ಮೂರು ತಿಂಗಳು ಪಿಜಿ ಬಾಡಿಗೆ, ಊಟ ಎಲ್ಲ ಸೇರಿ 80 ಸಾವಿರದ ಹತ್ತಿರ ಹೋಯ್ತು. ಅಷ್ಟೂ ಅಮ್ಮನ ಚೀಟಿ ದುಡ್ಡು. ಅಲ್ಲಿ ಕಲಿಸಿದ್ದು ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಶ್ಯಾಡೋ ಹಾಕೋದು, ಊಟ ತರಿಸೋ ಆಪ್‌ನ ಮತ್ತೆ ಚೆಂದ ಮಾಡೋದು, ಇಷ್ಟೇ. ಇಂಟರ್‌ವ್ಯೂನಲ್ಲಿ ಒಬ್ರು ಕೇಳಿದ್ದು ಒಂದೇ ಪ್ರಶ್ನೆ, "ಇದನ್ನ ಯಾರ ಕೈಲಿ ಟೆಸ್ಟ್ ಮಾಡಿಸಿದ್ರಿ?" ಉತ್ತರ ಇರಲಿಲ್ಲ. ವಾಪಸ್ ಬರ್ತಾ ಹಾಸನದ ಬಸ್ಸಲ್ಲಿ ಪೂರ್ತಿ ದಾರಿ ಅದೇ ಪ್ರಶ್ನೆ ತಲೇಲಿತ್ತು.

ಆಮೇಲೆ ಎಂ.ಡಿಸ್, ಅಂದ್ರೆ ಡಿಸೈನಿನಲ್ಲಿ ಮಾಸ್ಟರ್ಸ್, ಮಾಡೋಣ ಅಂತ ಅದರ ಪ್ರವೇಶ ಪರೀಕ್ಷೆ ಸೀಡ್‌ಗೆ ಕೂತೆ, ಐಐಟಿ ಬಾಂಬೆ ನಡೆಸೋದು. ಪಾರ್ಟ್ ಬಿ ಸ್ಕೆಚಿಂಗ್‌ನಲ್ಲಿ ನನ್ನ ಕೈ ಓಡಲಿಲ್ಲ, ಒಂದು ವರ್ಷ ಹೋಯ್ತು. ಐಐಟಿಗಳ ಆನ್‌ಲೈನ್ ಪಾಠದ ಎನ್‌ಪಿಟಿಇಎಲ್‌ನಲ್ಲಿ ಎಚ್‌ಸಿಐ (ಮನುಷ್ಯರು ಕಂಪ್ಯೂಟರ್ ಬಳಸೋ ರೀತಿಯ ಅಧ್ಯಯನ) ಕೋರ್ಸ್ ಒಂದು ಮಾಡಿದೆ, ಪಾಠ ಫ್ರೀ, ಪರೀಕ್ಷೆಗೆ ಆಗ 1000 ರೂಪಾಯಿ, ಅಸೈನ್‌ಮೆಂಟಿಗೆ 25 ಪರೀಕ್ಷೆಗೆ 75 ಅಂಕ. ನನಗೆ ಬಿದ್ದಿದ್ದು ಮೈಸೂರು ಸೆಂಟರ್, ಎಪ್ಪತ್ತರ ಆಸುಪಾಸು ಬಂತು. ಥಿಯರಿ ಗಟ್ಟಿಯಾಗಿದ್ದು ಅಲ್ಲೇ, ಅದಕ್ಕೆ ಇವತ್ತಿಗೂ ಋಣಿ. ಆದ್ರೆ ಕೈಯಲ್ಲಿ ತೋರಿಸೋಕೆ ಒಂದು ಸ್ಕ್ರೀನ್ ಇರಲಿಲ್ಲ. ಆ ಅವಸರಕ್ಕೆ ಒಂದೇ ಸಲ ನಾಲ್ಕು ಆನ್‌ಲೈನ್ ಕೋರ್ಸಿಗೆ ಹೆಸರು ಕೊಟ್ಟು, ಮೂರನೇ ವಾರಕ್ಕೆ ನಾಲ್ಕನ್ನೂ ಬಿಟ್ಟೆ.

ಅಲ್ಲಿಂದ ಶುರುವಾಗಿದ್ದು ಈ ವಿಧಾನ. ಸಿಲಬಸ್ ಓದೋದನ್ನೇ ನಿಲ್ಲಿಸಿದೆ. ಎಲ್ಲಾ ಯೂನಿವರ್ಸಿಟಿ ಸಿಲಬಸ್ಸೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಫಿಟ್ಸ್ ಲಾ (ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಮುಟ್ಟೋಕೆ ಹೊತ್ತು ಹಿಡಿಯುತ್ತೆ ಅನ್ನೋ ನಿಯಮ), ಯೂಸಬಿಲಿಟಿ ತಜ್ಞ ನೀಲ್ಸನ್‌ನ ಹತ್ತು ಹ್ಯೂರಿಸ್ಟಿಕ್ಸ್ (ಡಿಸೈನ್ ಅಳೆಯೋ ಸೂತ್ರಗಳು), ಪ್ರೋಟೋಟೈಪಿಂಗ್ (ಮಾದರಿ ಮಾಡಿ ನೋಡೋದು). ಅದರ ಬದಲು ಕೊನೇ ಅಸೈನ್‌ಮೆಂಟ್ ಮೊದಲು ತೆಗೆದು ನೋಡ್ತಿದ್ದೆ. ಬೇರೆಯವರ ಕೈಲಿ ಟೆಸ್ಟ್ ಮಾಡಿಸು ಅಂತ ಕೇಳ್ತಾರಾ? ಓಡೋ ಕೋಡ್ ಕೊಡು ಅಂತಾರಾ? ಎರಡೂ ಇಲ್ಲ ಅಂದ್ರೆ ಆ ಕೋರ್ಸ್ ಕಡೆ ತಿರುಗಿ ನೋಡ್ತಿರಲಿಲ್ಲ. ಪಾಸಾದವುಗಳಲ್ಲಿ ಮಧ್ಯದ ಒಂದು ಅಸೈನ್‌ಮೆಂಟ್ ಎತ್ಕೊಂಡು, ಪಾಠ ನೋಡದೆ ಒಂದು ವಾರ ಒದ್ದಾಡ್ತಿದ್ದೆ. ಪೂರ್ತಿ ಸುಲಭವಾಗಿ ಬಂದ್ರೆ ಆ ಕೋರ್ಸ್ ಬೇಡ, ಏನೂ ತಲೆಗೆ ಹತ್ತದಿದ್ರೂ ಸದ್ಯಕ್ಕೆ ಬೇಡ, ಅರ್ಧಕ್ಕೆ ನಿಂತ್ರೆ ಅದೇ ನನ್ನ ಕೋರ್ಸು. ಕೊನೆಗೆ ಇಬ್ಬರು ಹಳೇ ಸ್ಟೂಡೆಂಟ್ಸಿಗೆ ಮೆಸೇಜ್ ಮಾಡಿ ಒಂದು ಪ್ರಶ್ನೆ ಕೇಳ್ತಿದ್ದೆ, ಅದೇನು ಅಂತ ಇಲ್ಲಿ ಬರೆಯಲ್ಲ, ಎಲ್ಲರೂ ಅದನ್ನೇ ಕೇಳೋಕೆ ಶುರು ಮಾಡಿದ್ರೆ ಯಾರೂ ನಿಜ ಹೇಳಲ್ಲ.

ಹೀಗೆ ಹನ್ನೆರಡೋ ಹದಿಮೂರೋ ಕೋರ್ಸ್ ಜರಡಿ ಹಿಡಿದ ಮೇಲೆ ಉಳಿದಿದ್ದು ಎರಡು. ಡಿಸೈನಿಗೆ ಅಮೆರಿಕದ ಎಂಐಟಿಯ 6.831 ನಂಬರಿನ ಯುಐ ಕೋರ್ಸ್, ಅವರ ಓಪನ್‌ಕೋರ್ಸ್‌ವೇರ್ ಸೈಟಲ್ಲಿ 2011ರ ಮೆಟೀರಿಯಲ್ ಫ್ರೀ ಇದೆ. ಅದರ ಪ್ರಾಜೆಕ್ಟ್ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ, ಬಳಸೋರು ಯಾರು ಅಂತ ತಿಳಿಯೋದು, ಸ್ಕೆಚ್, ಪೇಪರ್ ಪ್ರೋಟೋಟೈಪ್, ಆಮೇಲೆ ಕಂಪ್ಯೂಟರ್ ಪ್ರೋಟೋಟೈಪ್, ಕೊನೆಗೆ ಯೂಸರ್ ಟೆಸ್ಟ್. ಕೋಡ್ ಭಾಗ ಹಳೇದು, ಅದನ್ನ ಬಿಟ್ಟೆ. ಕೋಡಿಗೆ ಹೆಲ್ಸಿಂಕಿ ಯೂನಿವರ್ಸಿಟಿಯ ಫುಲ್‌ಸ್ಟ್ಯಾಕ್ ಓಪನ್, ಇದೂ ಫ್ರೀ, ವೆಬ್ ಆಪ್ ಕಟ್ಟೋಕೆ ಬಳಸೋ ರಿಯಾಕ್ಟ್, ನೋಡ್ ಎರಡೂ ಬರುತ್ತೆ, ಸರ್ಟಿಫಿಕೇಟೂ ಸಿಗುತ್ತೆ. ಹಳೇ ಮೆಟೀರಿಯಲ್ ಓದಿ ಏನ್ ಪ್ರಯೋಜನ ಅಂತ ಫ್ರೆಂಡ್ಸ್ ಆಡ್ಕೊಂಡ್ರು. ಲೈಬ್ರರಿ ಹಳೇದಾಗುತ್ತೆ, ಮನುಷ್ಯರ ಬೆರಳು ಕಣ್ಣು ಹಳೇದಾಗಲ್ಲ ಅಂದೆ. ಫಿಟ್ಸ್ ಲಾ ಬಂದಿದ್ದೇ 1954ರಲ್ಲಿ.

ಪ್ರಾಜೆಕ್ಟಿಗೆ ಸಕಲೇಶಪುರದ ಹತ್ರ ಚಿಕ್ಕಪ್ಪ ರೈಟರ್ (ಲೆಕ್ಕ ಬರೆಯೋರು) ಆಗಿರೋ ಕಾಫಿ ತೋಟ ಸಿಕ್ತು. ಹಣ್ಣು ಕುಯ್ಯೋ ಕಾಲದಲ್ಲಿ ಸಂಜೆ ತೂಕದ ಹೊತ್ತಿಗೆ ಒಬ್ಬೊಬ್ಬರ ಕೆಜಿ ಬರ್ಕೊಂಡು, ರಾತ್ರಿ ಚೆಕ್‌ರೋಲಿಗೆ, ಅಂದ್ರೆ ಕೂಲಿ ಲೆಕ್ಕದ ಪುಸ್ತಕಕ್ಕೆ, ಏರಿಸಬೇಕು. ಅದನ್ನೇ ಫೋನಲ್ಲಿ ಮಾಡೋ ಆಪ್. ಮೊದಲು ರಟ್ಟು ಕತ್ತರಿಸಿ ಸ್ಕ್ರೀನ್ ಮಾಡಿ ತಗೊಂಡು ಹೋದೆ. ಮೇಸ್ತ್ರಿ, "ಪೇಪರ್ ಮೇಲೆ ಒತ್ತುದ್ರೆ ಏನಾಯ್ತದಪ್ಪ" ಅಂದ್ರು. ಒತ್ತಿ ಅಣ್ಣ, ನಾನು ಚೀಟಿ ಬದಲಾಯಿಸ್ತೀನಿ ಅಂದೆ. ಐದು ಜನರ ಕೈಲಿ ಮಾಡಿಸಿದೆ. ಐದೇ ಯಾಕೆ ಅಂದ್ರೆ, ಐದು ಜನರ ಕೈಲಿ ಟೆಸ್ಟ್ ಮಾಡಿಸಿದ್ರೇ ಡಿಸೈನಿನ ಸುಮಾರು ಶೇ. 85ರಷ್ಟು ತೊಂದರೆ ಕಾಣುತ್ತೆ ಅಂತ ನೀಲ್ಸನ್ ಲೆಕ್ಕ. ಮೂರನೆಯವರಿಗೇ ನನ್ನ ಡಿಸೈನ್ ಬಿದ್ದುಹೋಯ್ತು. ನಾನು ಹೆಸರನ್ನ ಅಕಾರಾದಿ ಪಟ್ಟಿ ಮಾಡಿದ್ದೆ, ಅವರು ಜನರನ್ನ ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ) ಲೆಕ್ಕದಲ್ಲಿ ನೆನಪಿಟ್ಕೊಂಡಿದಾರೆ, ಮೊದಲ ಮನೆಯವರು, ಪಕ್ಕದ ಮನೆಯವರು ಅಂತ. ಪಟ್ಟೀನ ಹಾಗೇ ತಿರುಗಿಸಿದೆ. ಮುಂಚೆ ಒಬ್ಬರ ತೂಕ ಹಾಕೋಕೆ ಇಪ್ಪತ್ತು ಸೆಕೆಂಡ್ ಹತ್ರ ಹಿಡೀತಿತ್ತು, ಆಮೇಲೆ ಆರೇಳು ಸೆಕೆಂಡ್. ಹಣ್ಣಿನ ಅಂಟು ಬೆರಳಿಗೆ ಚಿಕ್ಕ ಬಟನ್ ಆಗಲ್ಲ ಅಂತ ಗೊತ್ತಾಗಿದ್ದೂ ಅಲ್ಲೇ. ನೆಟ್‌ವರ್ಕ್ ಇಲ್ಲದ ಜಾಗ, ಅದಕ್ಕೆ ನೆಟ್ ಇಲ್ದೇನೂ ಆಪ್ ಓಡಿಸೋ ಸರ್ವಿಸ್ ವರ್ಕರ್ ಬೇರೆಯಾಗಿ ಕಲಿತೆ, ಅದಕ್ಕೇ ಒಂದೂವರೆ ತಿಂಗಳು.

ಇದರ ಮಧ್ಯೆ ಕನ್ನಡ ಫಾಂಟ್ ಹುಚ್ಚು ಬೇರೆ ಹಿಡೀತು. ಬಟನ್ ಮೇಲೆ "ಮೇಸ್ತ್ರಿ" ಅಂತ ಹಾಕಿದ್ರೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗ್ತಿತ್ತು. ಇಂಗ್ಲಿಷಿಗೆ ಇಟ್ಟ ಲೈನ್ ಹೈಟ್ (ಸಾಲಿನ ಎತ್ತರ) ನಮಗೆ ಸಾಲಲ್ಲ. ನೋಟೊ ಸಾನ್ಸ್ ಕನ್ನಡ ಅನ್ನೋ ಫಾಂಟಿಗೆ ಅದನ್ನ ಅಕ್ಷರದ ಅಳತೆಯ 1.7 ಪಟ್ಟಿನ ಮೇಲೆ ಇಟ್ಟಾಗ ಸರಿಯಾಯ್ತು, ಬಟನ್ನಿಗೆ ಮಾತ್ರ ಬೇರೆ ಲೆಕ್ಕ ಇದೆ, ಅದು ನನ್ನ ಹತ್ರಾನೇ ಇರಲಿ. ಕನ್ನಡ ಅಂಕಿ ಹಾಕಿ ನೋಡಿದೆ, ಅಲ್ಲಿನ ಹಿರಿಯರೂ 1, 2, 3 ಬೇಗ ಓದಿದ್ರು, ವಾಪಸ್ ತೆಗೆದೆ.

ಒಟ್ಟು ಖರ್ಚು? ನೆಟ್ ಪ್ಯಾಕ್, ಸಕಲೇಶಪುರದ ಬಸ್ಸು, ರಟ್ಟು, ಪೆನ್ನು ಎಲ್ಲ ಸೇರಿ ಒಂದು ಆರೂವರೆ ಸಾವಿರ, ಹತ್ತು ತಿಂಗಳು. ಮುಂದಿನ ಇಂಟರ್‌ವ್ಯೂಗೆ ಆ ರಟ್ಟಿನ ಚೂರುಗಳನ್ನೇ ಚೀಲದಲ್ಲಿ ತಗೊಂಡು ಹೋಗಿದ್ದೆ, ಟೆಸ್ಟ್ ಬಗ್ಗೆ ಅವರು ಕೇಳೋ ಮೊದಲೇ ಮೇಜಿನ ಮೇಲೆ ಹರಡಿದೆ, ಮುಕ್ಕಾಲು ಗಂಟೆ ಅದರ ಬಗ್ಗೇನೇ ಮಾತಾಡಿದ್ವಿ.

ಮೊನ್ನೆ ಮಾವನೇ ಫೋನ್ ಮಾಡಿದ್ರು. ಮಗಳು ಸೆಕೆಂಡ್ ಪಿಯುಸಿ, ಯುಸೀಡ್ (ಡಿಸೈನ್ ಡಿಗ್ರಿಯ ಪ್ರವೇಶ ಪರೀಕ್ಷೆ) ಬರೆಸೋದಾ, ಇಲ್ಲೇ ಇಂಜಿನಿಯರಿಂಗ್ ಸೇರಿಸೋದಾ ಅಂತ. ನಾಲ್ಕು ಕೋರ್ಸಿನ ಅಸೈನ್‌ಮೆಂಟ್ ಅವಳಿಗೆ ಕಳಿಸಿದೀನಿ, ಎರಡನೇದರಲ್ಲಿ ಅರ್ಧಕ್ಕೆ ನಿಂತಿದಾಳಂತೆ.