ಮನೆಯ ಸರ್ವರಿಗೆ ಹಾರ್ಡ್ ಡಿಸ್ಕ್ ಆರಿಸುವಾಗ ಮೊದಲು ಓದಬೇಕಾದದ್ದು ಮಾದರಿ ಸಂಖ್ಯೆ

ಕುಟುಂಬದ ಫೋಟೊ, ವಿಡಿಯೊ ಮತ್ತು ದಾಖಲೆಪತ್ರಗಳನ್ನು ಮನೆಯಲ್ಲೇ ಒಂದು ಸರ್ವರ್‌ನಲ್ಲಿ ಇಟ್ಟುಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಷ್ಟು ಟಿಬಿ, ಎಷ್ಟು ಬೆಲೆ ಎಂಬ ಎರಡೇ ಅಂಕಿಗಳನ್ನು ನೋಡಿ ಹಾರ್ಡ್ ಡಿಸ್ಕ್ ಕೊಳ್ಳುತ್ತಾರೆ. ಒಂದೇ ಕಂಪನಿಯ, ಒಂದೇ ಗಾತ್ರದ, ಬಹುತೇಕ ಒಂದೇ ಬೆಲೆಯ ಎರಡು ಡಿಸ್ಕ್‌ಗಳು ದತ್ತಾಂಶವನ್ನು ಬರೆದಿಡುವ ಕ್ರಮದಲ್ಲೇ ಬೇರೆಯಾಗಿರಬಹುದು. ಈ ವ್ಯತ್ಯಾಸ ಅನೇಕ ವೇಳೆ ಪೆಟ್ಟಿಗೆಯ ಮೇಲೆ ನಮೂದಾಗಿರುವುದಿಲ್ಲ.

ಈ ಎರಡು ಕ್ರಮಗಳ ಹೆಸರು ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರ್ ಡಿಸ್ಕಿನ ತಟ್ಟೆಯ ಮೇಲೆ ದತ್ತಾಂಶ ಬರೆಯುವ ಸುತ್ತುಸಾಲುಗಳಾದ ಟ್ರ್ಯಾಕ್‌ಗಳು ಪಕ್ಕಪಕ್ಕದಲ್ಲಿ, ಒಂದರ ಮೇಲೊಂದು ಬೀಳದಂತೆ ಇರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಅವು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವೆ. ಮಾಡಿನ ನಡುವಿನ ಒಂದು ಹೆಂಚು ಒಡೆದರೆ ಅದರ ಮೇಲೆ ಕೂತಿರುವ ಹೆಂಚನ್ನು ಎತ್ತದೆ ಬದಲಿಸಲಾಗದು. ಹಾಗೆಯೇ ಎಸ್‌ಎಂಆರ್ ಡಿಸ್ಕಿನಲ್ಲಿ ಒಂದು ಸಣ್ಣ ತುಣುಕನ್ನು ತಿದ್ದಬೇಕಾದರೂ ಆ ವಲಯದ ಮುಂದಿನ ಟ್ರ್ಯಾಕ್‌ಗಳನ್ನೆಲ್ಲ ಓದಿ ಮತ್ತೆ ಬರೆಯಬೇಕಾಗುತ್ತದೆ. ಈ ಕೆಲಸವನ್ನು ಮರೆಮಾಡಲು ಡಿಸ್ಕ್ ತನ್ನಲ್ಲೇ ಒಂದು ಸಣ್ಣ ಭಾಗವನ್ನು ತಾತ್ಕಾಲಿಕ ದಾಸ್ತಾನಾಗಿ ಇಟ್ಟುಕೊಂಡಿರುತ್ತದೆ. ಬಂದ ಮಾಹಿತಿಯನ್ನು ಮೊದಲು ಅಲ್ಲಿ ತುಂಬಿಸಿಕೊಂಡು, ಬಿಡುವಾದಾಗ ಅದರದರ ಜಾಗಕ್ಕೆ ಸಾಗಿಸುತ್ತದೆ. ಆಗೊಮ್ಮೆ ಈಗೊಮ್ಮೆ ಕಡತಗಳನ್ನು ನಕಲು ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸಿ, ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಮಾಡುವ ರೇಡ್ ಅಥವಾ ಝಡ್‌ಎಫ್‌ಎಸ್ ಸಮೂಹದಲ್ಲಿ ಒಂದು ಡಿಸ್ಕ್ ಕೆಟ್ಟು, ಅದರ ಬದಲು ಹೊಸದನ್ನು ಹಾಕಿದಾಗ ಮಾತ್ರ ಇದು ಎದ್ದು ಕಾಣುತ್ತದೆ, ಏಕೆಂದರೆ ಆಗ ಹೊಸ ಡಿಸ್ಕಿಗೆ ಗಂಟೆಗಟ್ಟಲೆ ಎಡೆಬಿಡದೆ ಬರೆಯಬೇಕು, ಬಿಡುವು ಎಂಬುದೇ ಇರುವುದಿಲ್ಲ. ನನ್ನ ನಾಲ್ಕು ಡಿಸ್ಕಿನ ಸರ್ವರ್‌ನಲ್ಲಿ ಹೀಗೊಮ್ಮೆ ಅವಸರದಲ್ಲಿ ಕೊಂಡ ಬದಲಿ ಡಿಸ್ಕ್, ಮೊದಲ ಒಂದು ಗಂಟೆ ಸೆಕೆಂಡಿಗೆ ನೂರೈವತ್ತು ಎಂಬಿ ವೇಗದಲ್ಲಿ ಬರೆದು, ಆಮೇಲೆ ಹತ್ತು ಎಂಬಿಗಿಂತ ಕೆಳಗಿಳಿದು, ಒಂದು ದಿನದಲ್ಲಿ ಮುಗಿಯಬೇಕಾದ ಕೆಲಸವನ್ನು ಆರನೆಯ ದಿನಕ್ಕೂ ಮುಗಿಸಿರಲಿಲ್ಲ. ಆ ಆರು ದಿನವೂ ಉಳಿದ ಮೂರರಲ್ಲಿ ಇನ್ನೊಂದು ಕೈಕೊಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತು. ಆದ್ದರಿಂದ ಸಮೂಹದಲ್ಲಿ ಸೇರುವ ಡಿಸ್ಕ್ ಸಿಎಂಆರ್ ಆಗಿರಲೇಬೇಕು ಎಂಬುದನ್ನು ನಾನು ಸಲಹೆಯಾಗಿ ಅಲ್ಲ, ನಿಯಮವಾಗಿಯೇ ಹೇಳುತ್ತೇನೆ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಕಪಾಟಿನಲ್ಲಿಡುವ ಒಂಟಿ ಡಿಸ್ಕಿಗೆ ಎಸ್‌ಎಂಆರ್ ಸಾಕು.

ಹೆಸರನ್ನು ನಂಬಿ ಕೊಳ್ಳಬಾರದು ಎಂಬುದು 2020ರ ಏಪ್ರಿಲ್‌ನಲ್ಲಿ ಸ್ಪಷ್ಟವಾಯಿತು. ಮನೆಯ ಸರ್ವರ್‌ಗಳಿಗೆಂದೇ ಮಾರಾಟವಾಗುತ್ತಿದ್ದ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯುಡಿ) ಕಂಪನಿಯ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಹೊಸ ಮಾದರಿಗಳು ಎಸ್‌ಎಂಆರ್ ಎಂಬುದು ಆಗ ಬೆಳಕಿಗೆ ಬಂತು. ಅದೇ ವರ್ಷ ಕಂಪನಿಯು ಸಿಎಂಆರ್ ಡಿಸ್ಕ್‌ಗಳನ್ನು ‘ರೆಡ್ ಪ್ಲಸ್’ ಎಂದು ಬೇರ್ಪಡಿಸಿತು. ಹಳೆಯ ದಾಸ್ತಾನು ಮತ್ತು ಬಳಸಿದ ಡಿಸ್ಕ್‌ಗಳು ಇಂದಿಗೂ ಕೈ ಬದಲಾಯಿಸುತ್ತಿರುವುದರಿಂದ ಲೇಬಲ್ ಓದುವುದನ್ನು ಕಲಿಯಲೇಬೇಕು. ‘ಡಬ್ಲ್ಯುಡಿ40ಇಎಫ್‌ಆರ್‌ಎಕ್ಸ್’ ಎಂದಿದ್ದರೆ 40 ಎಂಬುದು 4 ಟಿಬಿಯನ್ನು ಸೂಚಿಸುತ್ತದೆ; ಆ ಡಿಸ್ಕ್ ಸಿಎಂಆರ್. ‘ಡಬ್ಲ್ಯುಡಿ40ಇಎಫ್‌ಎಎಕ್ಸ್’ ಎಂದಿದ್ದರೆ ಎಸ್‌ಎಂಆರ್. ಕೆಂಪು ಲೇಬಲ್ ಒಂದೇ, ಬದಲಾದದ್ದು ಒಂದೇ ಅಕ್ಷರ. ಆದರೆ ಕೊನೆಯ ನಾಲ್ಕು ಅಕ್ಷರಗಳನ್ನಷ್ಟೇ ಬಾಯಿಪಾಠ ಮಾಡಿದರೂ ಸಾಲದು, ಏಕೆಂದರೆ 8 ಟಿಬಿಯ ‘ಡಬ್ಲ್ಯುಡಿ80ಇಎಫ್‌ಎಎಕ್ಸ್’ ಅದೇ ಅಕ್ಷರಗಳನ್ನು ಹೊತ್ತಿದ್ದರೂ ಸಿಎಂಆರ್ ಆಗಿದೆ. ಪೂರ್ತಿ ಮಾದರಿ ಸಂಖ್ಯೆಯನ್ನು ತಯಾರಕರ ಜಾಲತಾಣದ ಪಟ್ಟಿಯೊಂದಿಗೆ ಹೋಲಿಸಿ ನೋಡುವುದೊಂದೇ ಖಚಿತ ದಾರಿ.

ಸೀಗೇಟ್ ಡಿಸ್ಕಿನ ಸಂಖ್ಯೆ ‘ಎಸ್‌ಟಿ’ಯಿಂದ ಆರಂಭವಾಗಿ, ಗಾತ್ರ ಜಿಬಿ ಲೆಕ್ಕದಲ್ಲಿ ಬಂದು, ಅನಂತರ ಸರಣಿಯನ್ನು ಸೂಚಿಸುವ ಎರಡು ಅಕ್ಷರಗಳು ಬರುತ್ತವೆ. ‘ಡಿಎಂ’ ಎಂದರೆ ಡೆಸ್ಕ್‌ಟಾಪಿನ ಬರಾಕುಡಾ, ‘ವಿಎನ್’ ಎಂದರೆ ಐರನ್‌ವುಲ್ಫ್, ‘ವಿಎಕ್ಸ್’ ಎಂದರೆ ಸಿಸಿಟಿವಿಗಾಗಿ ಮಾಡಿದ ಸ್ಕೈಹಾಕ್, ‘ಎನ್‌ಎಂ’ ಎಂದರೆ ದೊಡ್ಡ ಸಂಸ್ಥೆಗಳಿಗಾಗಿ ಮಾಡಿದ ಎಕ್ಸೋಸ್. ಐರನ್‌ವುಲ್ಫ್ ಸರಣಿ ಪೂರ್ತಿ ಸಿಎಂಆರ್ ಎಂದು ಕಂಪನಿ ಹೇಳಿದೆ. ದೊಡ್ಡ ಗಾತ್ರದವೆಲ್ಲ ಸಿಎಂಆರ್ ಎಂದು ಕೆಲವರು ಹೇಳುವುದುಂಟು. ‘ಎಸ್‌ಟಿ8000ಡಿಎಂ004’ ಎಂಬ 8 ಟಿಬಿ ಬರಾಕುಡಾ ಎಸ್‌ಎಂಆರ್ ಆಗಿರುವುದರಿಂದ ಆ ಮಾತು ನಿಲ್ಲುವುದಿಲ್ಲ. ತೋಷಿಬಾದಲ್ಲಿ ಎನ್300 ಸರಣಿಯನ್ನು ಆರಿಸಬಹುದು. ಪಿ300 ಸರಣಿಯ 4 ಮತ್ತು 6 ಟಿಬಿ ಡಿಸ್ಕ್‌ಗಳು ಎಸ್‌ಎಂಆರ್.

ಡೆಸ್ಕ್‌ಟಾಪ್ ಡಿಸ್ಕಿಗೂ ಸರ್ವರ್ ಡಿಸ್ಕಿಗೂ ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಓದಲಾಗದ ಒಂದು ಜಾಗ ಎದುರಾದಾಗ ಸರ್ವರ್ ಡಿಸ್ಕ್ ಸುಮಾರು 7 ಸೆಕೆಂಡು ಪ್ರಯತ್ನಿಸಿ, ಆಗಲಿಲ್ಲವೆಂದು ತಿಳಿಸುತ್ತದೆ. ಸಮೂಹದ ಉಳಿದ ಡಿಸ್ಕ್‌ಗಳಿಂದ ಆ ಭಾಗ ಸರಿಹೋಗುತ್ತದೆ. ಡೆಸ್ಕ್‌ಟಾಪ್ ಡಿಸ್ಕ್ ತಾನೊಂದೇ ಇದ್ದೇನೆಂಬ ಲೆಕ್ಕದಲ್ಲಿ ನಿಮಿಷಗಟ್ಟಲೆ ಹೆಣಗಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು ಸಂಪರ್ಕವನ್ನೇ ಮರುಹೊಂದಿಸುವುದರಿಂದ, ಒಂದು ಚಿಕ್ಕ ದೋಷಕ್ಕಾಗಿ ಇಡೀ ಡಿಸ್ಕ್ ಸಮೂಹದಿಂದ ಹೊರಬೀಳುವ ಸಂಭವವಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸರ್ವರ್ ಡಿಸ್ಕ್ ಇಲ್ಲವೆಂದು ಸಿಸಿಟಿವಿ ಡಿಸ್ಕ್ ಮುಂದಿಟ್ಟರೆ, ಅದರ ಸಂಖ್ಯೆಯನ್ನು ನೋಡಿ ಸಿಎಂಆರ್ ಎಂದು ಖಚಿತಪಡಿಸಿಕೊಂಡ ಮೇಲೆ ಕೊಳ್ಳಬಹುದು; ಅವು ಹಗಲಿರುಳು ತಿರುಗಲೆಂದೇ ಮಾಡಿದವು. ಎಕ್ಸೋಸ್‌ನಂಥವು ಗಟ್ಟಿಯಾದ ಡಿಸ್ಕ್‌ಗಳೇ ಆದರೂ ನಿಮಿಷಕ್ಕೆ 7200 ಸುತ್ತು ತಿರುಗುತ್ತ ಕಟಕಟ ಸದ್ದು ಮಾಡುವುದರಿಂದ ಮಲಗುವ ಕೋಣೆಗೆ ಸರಿಹೋಗವು. ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ಬಳಸುವ ಎಸ್‌ಎಎಸ್ ಡಿಸ್ಕ್ ಅಗ್ಗವಾಗಿ ಸಿಕ್ಕಿತೆಂದು ತರಬೇಡಿ: ಅದರ ಕನೆಕ್ಟರಿನಲ್ಲಿ ದತ್ತಾಂಶದ ಮತ್ತು ವಿದ್ಯುತ್ತಿನ ಭಾಗಗಳ ನಡುವೆ ಸಂದು ಇರುವುದಿಲ್ಲ, ಸಾಧಾರಣ ಮದರ್‌ಬೋರ್ಡಿನ ಸಾಟಾ ಕೇಬಲ್ ಅದಕ್ಕೆ ಕೂರುವುದಿಲ್ಲ.

ಡಿಸ್ಕ್ ಈಗಾಗಲೇ ಕಂಪ್ಯೂಟರಿನೊಳಗೆ ಇದ್ದರೆ ಲಿನಕ್ಸ್‌ನ ‘ಸ್ಮಾರ್ಟ್‌ಸಿಟಿಎಲ್’ ಆಜ್ಞೆಯನ್ನು ‘ಐ’ ಆಯ್ಕೆಯೊಂದಿಗೆ ಕೊಟ್ಟರೆ ಮಾದರಿ ಸಂಖ್ಯೆ, ಕ್ರಮಸಂಖ್ಯೆ ಮತ್ತು ತಿರುಗುವ ವೇಗ ಪರದೆಯ ಮೇಲೆ ಬರುತ್ತವೆ. ಆ ಸಾಲುಗಳ ನಡುವೆ, ತಿರುಗುವ ಡಿಸ್ಕ್ ಆಗಿದ್ದೂ ‘ಟ್ರಿಮ್’ (ಸಾಮಾನ್ಯವಾಗಿ ಎಸ್‌ಎಸ್‌ಡಿಗಳಲ್ಲಿರುವ, ಖಾಲಿಯಾದ ಜಾಗವನ್ನು ಡಿಸ್ಕಿಗೆ ತಿಳಿಸುವ ಆಜ್ಞೆ) ಲಭ್ಯವಿದೆ ಎಂದು ಬರೆದಿದ್ದರೆ ಅದು ಎಸ್‌ಎಂಆರ್ ಎಂದೇ ತಿಳಿಯಬಹುದು. ಆ ಸಾಲು ಇಲ್ಲದಿರುವುದನ್ನು ಮಾತ್ರ ಸಿಎಂಆರ್ ಎಂಬುದಕ್ಕೆ ಪುರಾವೆಯಾಗಿ ಹಿಡಿಯಬಾರದು.

ಪೋರ್ಟಬಲ್ ಡಿಸ್ಕನ್ನು ಬಿಚ್ಚಿ ಒಳಗಿನದನ್ನು ಬಳಸುವವರು ಎರಡು ವಿಷಯ ತಿಳಿದಿರಬೇಕು. ಎರಡೂವರೆ ಇಂಚಿನ ದೊಡ್ಡ ಗಾತ್ರದ ಡಿಸ್ಕ್‌ಗಳು ಬಹುತೇಕ ಎಸ್‌ಎಂಆರ್, ಅವುಗಳಲ್ಲಿ ಕೆಲವಕ್ಕೆ ಯುಎಸ್‌ಬಿ ಕನೆಕ್ಟರ್ ಬೋರ್ಡಿಗೇ ಬೆಸೆದಿರುತ್ತದೆ. ಮೂರೂವರೆ ಇಂಚಿನ ಕೆಲವು ಡಿಸ್ಕ್‌ಗಳು ಹಳೆಯ ಪವರ್ ಸಪ್ಲೈಗೆ ಜೋಡಿಸಿದರೆ ತಿರುಗುವುದೇ ಇಲ್ಲ. ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಆರಿರಬೇಕೆಂದು ಅವುಗಳ ವಿನ್ಯಾಸವಿರುವುದೇ ಇದಕ್ಕೆ ಕಾರಣ. ಆ ಪಿನ್ನನ್ನು ಕ್ಯಾಪ್ಟಾನ್ ಎಂಬ, ವಿದ್ಯುತ್ ಹರಿಯಗೊಡದ ಟೇಪಿನಿಂದ ಮುಚ್ಚಿದರೆ ಸಮಸ್ಯೆ ಬಗೆಹರಿಯುತ್ತದೆ.

ಹೊಸದೆಂದು ಕೊಂಡದ್ದು ನಿಜವಾಗಿಯೂ ಹೊಸದೇ ಎಂದು ನೋಡುವುದು ಈಗ ಅನಿವಾರ್ಯ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳ ಸ್ಮಾರ್ಟ್ ಲೆಕ್ಕವನ್ನು (ಡಿಸ್ಕ್ ತನ್ನ ಬಳಕೆ ಮತ್ತು ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) ಸೊನ್ನೆಗೆ ತಿರುಗಿಸಿ ಹೊಸದೆಂದು ಮಾರಿದ್ದು ಪತ್ತೆಯಾಯಿತು. ‘ಫಾರ್ಮ್’ ಎಂಬ ಇನ್ನೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಉಳಿದಿದ್ದವು, ಸ್ಮಾರ್ಟ್‌ಸಿಟಿಎಲ್‌ನ 7.4ನೆಯ ಆವೃತ್ತಿಯಿಂದ ಅದನ್ನೂ ಓದಬಹುದು. ಕ್ರಮಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ನಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂದು ಬಿಲ್ ಪಾವತಿಸುವ ಮೊದಲೇ ನೋಡಿಕೊಳ್ಳಿ.

ಡಿಸ್ಕನ್ನು ಸಮೂಹಕ್ಕೆ ಸೇರಿಸುವ ಮುನ್ನ ಸ್ಮಾರ್ಟ್‌ನ ದೀರ್ಘ ಪರೀಕ್ಷೆಯನ್ನು ನಡೆಸಿ, ಕೆಟ್ಟ ಅಥವಾ ಕೆಡುತ್ತಿರುವ ಜಾಗಗಳನ್ನು ಎಣಿಸುವ 5, 197 ಮತ್ತು 198ನೆಯ ಅಂಶಗಳ ಮೂಲ ಮೌಲ್ಯ ಸೊನ್ನೆಯೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಮಾಹಿತಿ ಸಾಗಣೆಯಲ್ಲಿನ ತಪ್ಪುಗಳನ್ನು ಎಣಿಸುವ 199 ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಅನಂತರ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು, ಆ ಡಿಸ್ಕ್ ಕೂರುವ ಗೂಡಿನ ಹೊರಮೈಗೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟ ರಾತ್ರಿ, ನಾಲ್ಕರಲ್ಲಿ ಯಾವುದನ್ನು ಎಳೆಯಬೇಕೆಂದು ಆ ಚೀಟಿ ಹೇಳುತ್ತದೆ.